ಗುಂಡಿಯಮ್ಮ ಮತ್ತು ಕೇಳಿಸದ ತುತ್ತೂರಿ

ಸಂಗೀತ ಸಭಾಂಗಣದ ಹಿಂಬದಿಯಲ್ಲಿ, ಕೊನೆಯ ಸಾಲಿನ ಕುರ್ಚಿಗಳಿಗೂ ಗೋಡೆಗೂ ನಡುವೆ, ನೆಲವನ್ನು ಮೊಣಕಾಲುದ್ದ ತಗ್ಗಿಸಿ ಮಾಡಿದ ಒಂದು ಚೌಕವಿತ್ತು. ಧ್ವನಿಗೆ ಸಂಬಂಧಿಸಿದ ಯಂತ್ರಗಳೆಲ್ಲ ಅದರೊಳಗಿದ್ದವು. ಅಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಗುಂಡಿಯಮ್ಮ ಎಂದು ಕರೆಯುತ್ತಿದ್ದರು. ಗುಂಡಿಗಳನ್ನು ತಿರುಗಿಸುವವಳಾದ್ದರಿಂದ ಆ ಹೆಸರು ಬಂತೆಂದು ಕೆಲವರು, ಗುಂಡಿಯೊಳಗೆ ಕೂರುವವಳಾದ್ದರಿಂದ ಬಂತೆಂದು ಕೆಲವರು ವಾದಿಸುತ್ತಿದ್ದರು. ಎರಡೂ ನಿಜವಾದ್ದರಿಂದ ಆ ವಾದಕ್ಕೆ ಅರ್ಥವಿರಲಿಲ್ಲ. ಹೆಸರಿನ ಬಗ್ಗೆ ಆಕೆಗೂ ಬೇಸರವಿರಲಿಲ್ಲ. "ಗುಂಡಿಗೆ ಬಿದ್ದವಳು ಅನ್ನದೇ ಇದ್ದರೆ ಸಾಕು," ಎನ್ನುತ್ತಿದ್ದಳು.

ಆಕೆಯ ಕೆಲಸವೇನೆಂಬುದನ್ನು ಮೊದಲು ಸರಿಯಾಗಿ ಹೇಳಬೇಕು. ಏಕೆಂದರೆ ಅದನ್ನು ಸರಿಯಾಗಿ ತಿಳಿದುಕೊಳ್ಳದೆ ಮಾತಾಡಿದವರಿಂದಲೇ ಮುಂದಿನದ್ದೆಲ್ಲ ನಡೆಯಿತು. ವೇದಿಕೆಯ ಮೇಲಿನ ಪ್ರತಿಯೊಂದು ಮೈಕಿನ ತಂತಿಯೂ ನೆಲದಡಿಯ ಕೊಳವೆಯಲ್ಲಿ ಹಾದು ಬಂದು ಅವಳ ಮುಂದಿನ ಮಿಕ್ಸರಿಗೆ ಸೇರುತ್ತಿತ್ತು. ಮಿಕ್ಸರಿನಲ್ಲಿ ಒಂದೊಂದು ಮೈಕಿಗೆ ಒಂದೊಂದು ಜಾರುಗುಂಡಿ. ಅದನ್ನು ಮೇಲೆ ಸರಿಸಿದರೆ ಆ ಮೈಕಿನ ಸದ್ದು ಧ್ವನಿವರ್ಧಕಗಳಿಗೆ ಹೋಗುತ್ತದೆ. ತಳಕ್ಕೆ ಎಳೆದರೆ ಹೋಗುವುದಿಲ್ಲ. ಧ್ವನಿವರ್ಧಕ ಇರುವುದು ಎಲ್ಲವನ್ನೂ ಜೋರು ಮಾಡುವುದಕ್ಕೆ ಎಂದು ಜನ ಸಾಮಾನ್ಯವಾಗಿ ನಂಬಿದ್ದಾರೆ. ಇದು ತಪ್ಪು. ಅದು ಇರುವುದು ಕೊರತೆಯನ್ನು ತುಂಬುವುದಕ್ಕೆ. ಗಾಯಕಿಯ ಕೊರಳು ಕೊನೆಯ ಸಾಲಿಗೆ ತಲುಪದಿದ್ದರೆ ಅವಳ ಗುಂಡಿಯನ್ನು ಮೇಲೆ ಸರಿಸಬೇಕು. ತಾನಾಗಿಯೇ ತಲುಪುವ ವಾದ್ಯವನ್ನು ಮುಟ್ಟಬಾರದು. ಉಪ್ಪು ಸರಿಯಾಗಿರುವ ಅಡುಗೆಗೆ ಯಾರೂ ಮತ್ತೆ ಉಪ್ಪು ಸುರಿಯುವುದಿಲ್ಲ.

ಅವಳು ಈ ವಿದ್ಯೆಯನ್ನು ಕಲಿತದ್ದು ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಅಪ್ಪ ಸೀಸ ಕಾಯಿಸಿ ತಂತಿ ಬೆಸೆಯುವಾಗ ಅವಳು ತಂತಿಯ ಇನ್ನೊಂದು ತುದಿಯನ್ನು ಅಲುಗದಂತೆ ಹಿಡಿದು ಕೂರುತ್ತಿದ್ದಳು. ಅಣ್ಣನಿಗೆ ಆ ತಾಳ್ಮೆ ಇರಲಿಲ್ಲ. ಶಾಲೆಯ ಬ್ಯಾಂಡಿನವರು ಅವನ ಕೈಗೆ ಒಂದು ತುತ್ತೂರಿ ಕೊಟ್ಟ ದಿನದಿಂದ ಅವನು ಮನೆಯಲ್ಲಿ ಬೇರೆ ಯಾವ ಸದ್ದೂ ಕೇಳಿಸದಂತೆ ಮಾಡಿದ. "ಇವನು ಊದಿದರೆ ರೇಡಿಯೋ ಕೆಟ್ಟಿದೆಯೋ ಸರಿಯಾಗಿದೆಯೋ ಗೊತ್ತಾಗೋದಿಲ್ಲ. ಗಿರಾಕಿಗಳು ದುಡ್ಡು ಕೊಟ್ಟು ಹೋಗ್ತಾರೆ. ಊದಲಿ ಬಿಡಿ," ಎಂದು ಅಮ್ಮ ನಗುತ್ತಿದ್ದಳು.

ಅಣ್ಣ ಸಭಾಂಗಣದ ವಾದ್ಯವೃಂದಕ್ಕೆ ಮೊದಲು ಸೇರಿದ. ಕೆಲವು ವರ್ಷಗಳ ನಂತರ ಧ್ವನಿ ವಿಭಾಗಕ್ಕೆ ಒಬ್ಬ ಸಹಾಯಕರು ಬೇಕಾದಾಗ ತಂಗಿ ಅರ್ಜಿ ಹಾಕಿದಳು. ಅಣ್ಣ ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋಗಿ, "ಹೆಂಗಸರಿಗೆ ವೈರಿನ ಸಹವಾಸ ಯಾಕೆ ಸಾರ್? ಶಾಕ್ ಹೊಡೆದರೆ ನಮ್ಮ ಮನೆಯವರೇ ಅಳಬೇಕು," ಎಂದ. ಅದನ್ನು ಅವನು ದ್ವೇಷದಿಂದ ಹೇಳಿದ್ದಲ್ಲ. ಅಪ್ಪನ ಕೈ ಎಷ್ಟು ಸಲ ಸುಟ್ಟಿತ್ತೆಂಬುದನ್ನು ಕಂಡವನು. ಆದರೂ ಹೇಳಿದ್ದು ಹೇಳಿದ್ದೇ. ಅವಳಿಗೆ ಕೆಲಸ ಸಿಕ್ಕಿತು. ಅವನ ಮಾತು ಅವಳ ಕಿವಿಗೂ ಬಿತ್ತು. ಆ ವಿಷಯವನ್ನು ಇಬ್ಬರೂ ಮುಂದೆಂದೂ ಎತ್ತಲಿಲ್ಲ.

ಅಣ್ಣನ ಊದಿಕೆಯ ಬಲದ ಬಗ್ಗೆ ಅತಿಶಯೋಕ್ತಿ ಬೇಡ, ಇದ್ದದ್ದೇ ಸಾಕಷ್ಟಿತ್ತು. ಅಭ್ಯಾಸದ ಹೊತ್ತಿನಲ್ಲಿ ಅವನು ಮೊದಲ ಸ್ವರ ಹಿಡಿದನೆಂದರೆ ಚಾವಣಿಯ ಕಿಂಡಿಯಲ್ಲಿದ್ದ ಪಾರಿವಾಳಗಳು ಎದ್ದು ಹಾರಿಹೋಗುತ್ತಿದ್ದವು. ವೃಂದದ ಮೇಷ್ಟ್ರು ಕೋಲು ಕೆಳಗಿಟ್ಟು, "ಅಪ್ಪಾ, ನಿನ್ನನ್ನು ಪಕ್ಕದ ಊರಿನಲ್ಲಿ ನಿಲ್ಲಿಸಿದ್ದರೆ ಇಲ್ಲಿಗೆ ಹದವಾಗಿ ಕೇಳ್ತಿತ್ತು," ಎಂದರೆ ಇಡೀ ವೃಂದ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ಅಣ್ಣನೇ ನಗುತ್ತಿದ್ದ. ನಗೆಯೂ ತುತ್ತೂರಿಯದ್ದೇ.

ಹೀಗಿರುವಾಗ ವೃಂದಕ್ಕೆ ಹೊಸ ಗಾಯಕಿಯೊಬ್ಬಳು ಬಂದಳು. ಅವಳಿಗೆಂದು ಹೊಳೆಯುವ ಹೊಸ ಮೈಕ್ ಬಂತು. ಪಿಟೀಲಿನವರಿಗೂ ಒಂದು ಬಂತು. ಅಣ್ಣ ಗುಂಡಿಯ ಅಂಚಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ.

"ಎಲ್ಲರ ಮುಂದೂ ಮೈಕಿದೆ. ನನ್ನ ಮುಂದೆ ಏನಿದೆ? ಗಾಳಿ!"

"ನಿನಗೆ ಬೇಡ ಅಣ್ಣ. ನೀನು ಹಾಗೇ ಹೊರಗಿನ ರಸ್ತೆಯ ತನಕ ಕೇಳಿಸ್ತೀಯ."

"ಕೇಳಿಸೋದು ಬೇರೆ, ಮರ್ಯಾದೆ ಬೇರೆ ಕಣೇ. ನೋಡುವವರು ಏನಂದುಕೊಳ್ತಾರೆ? ಇವನೇನು ಕುರ್ಚಿ ಜೋಡಿಸೋಕೆ ಬಂದವನಾ, ಅಂತ."

ಅವಳು ಉಗ್ರಾಣದಿಂದ ಹಳೆಯದೊಂದು ಮೈಕ್ ತಂದು ಅವನ ಮುಂದೆ ನಿಲ್ಲಿಸಿದಳು. ಅಭ್ಯಾಸದ ಹೊತ್ತಿನಲ್ಲಿ ಅದರ ಗುಂಡಿಯನ್ನು ಒಂದು ಕೂದಲೆಳೆಯಷ್ಟು ಮೇಲೆ ಸರಿಸಿದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮ್ಯಾನೇಜರು ಎರಡೂ ಕಿವಿ ಮುಚ್ಚಿಕೊಂಡರು. ಅವಳು ಗುಂಡಿಯನ್ನು ತಳಕ್ಕೆ ಎಳೆದಳು. ಅಂದಿನಿಂದ ಅದು ತಳದಲ್ಲೇ ಉಳಿಯಿತು. ಮೈಕಿತ್ತು, ತಂತಿಯಿತ್ತು, ಮಿಕ್ಸರಿನಲ್ಲಿ ಅದಕ್ಕೊಂದು ಜಾಗವೂ ಇತ್ತು. ಮೈಕಿನಿಂದ ಹೊರಗೆ ಹೋಗುವ ಸದ್ದು ಮಾತ್ರ ಇರಲಿಲ್ಲ. ಇದಕ್ಕೆ ಎರಡು ವಿನಾಯಿತಿಗಳಿದ್ದವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ತುತ್ತೂರಿಯ ಬಾಯಿಗೆ ಲೋಹದ ಬಟ್ಟಲೊಂದನ್ನು ಸಿಕ್ಕಿಸಿ ಪಿಸುಗುಟ್ಟಿದಂತೆ ಊದುವ ಜಾಗಗಳು ಕೆಲವು ಕೃತಿಗಳಲ್ಲಿ ಬರುತ್ತಿದ್ದವು. ಅಲ್ಲಿ ಮಾತ್ರ ಅವಳು ಗುಂಡಿ ಮೇಲೆ ಸರಿಸಿ, ಬಟ್ಟಲು ತೆಗೆದ ಕೂಡಲೇ ಇಳಿಸುತ್ತಿದ್ದಳು. ಇನ್ನೊಂದು, ಕಛೇರಿಗೆ ಮುಂಚಿನ ಪರೀಕ್ಷೆ. ಅಣ್ಣ ಕರವಸ್ತ್ರದಿಂದ ಮೈಕಿನ ತಲೆಯನ್ನು ಒರೆಸಿ, ಎತ್ತರ ಸರಿಪಡಿಸಿ, "ಏನೇ, ಕೇಳ್ತಾ ಇದೆಯಾ?" ಎಂದು ಅದರೊಳಗೆ ಕೂಗುತ್ತಿದ್ದ. ಆ ಒಂದು ಗಳಿಗೆ ಗುಂಡಿ ಮೇಲೇರುತ್ತಿತ್ತು. ಅವನ ಮಾತು ಅವನಿಗೇ ಸಭಾಂಗಣದ ತುಂಬ ಕೇಳಿಸುತ್ತಿತ್ತು. "ಕೇಳ್ತಾ ಇದೆ ಅಣ್ಣ," ಎಂದು ಅವಳು ಕೈಯೆತ್ತುತ್ತಿದ್ದಳು. ಎತ್ತಿದ ಕೈ ಕೆಳಗಿಳಿಯುವಾಗ ಗುಂಡಿಯೂ ಇಳಿಯುತ್ತಿತ್ತು.

ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಅಣ್ಣ ತಂಗಿಯರ ನಡುವೆ ಇಂಥವು ಇರುತ್ತವೆ.

ಇನ್ನು ಧ್ವನಿಮುದ್ರಣದ ವಿಷಯ. ಮಿಕ್ಸರಿನ ಹಿಂಬದಿಯಲ್ಲೊಂದು ತೂತಿತ್ತು. ಅದಕ್ಕೆ ತಂತಿ ಸಿಕ್ಕಿಸಿ ಕ್ಯಾಸೆಟ್ ಯಂತ್ರಕ್ಕೆ ಜೋಡಿಸಿದರೆ ಧ್ವನಿವರ್ಧಕಕ್ಕೆ ಹೋಗುವುದೆಲ್ಲ ಕ್ಯಾಸೆಟ್ಟಿಗೂ ಹೋಗುತ್ತಿತ್ತು. ಪ್ರತಿ ಕಛೇರಿಯನ್ನೂ ಅವಳು ಹೀಗೆ ಹಿಡಿದಿಡುತ್ತಿದ್ದಳು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಮರುದಿನ ಬೆಳಗ್ಗೆ ತರಕಾರಿ ಹೆಚ್ಚುತ್ತ ಅದನ್ನು ಕೇಳುತ್ತಿದ್ದಳು: ಗಾಯಕಿಯ ಗುಂಡಿಯನ್ನು ಎಲ್ಲಿ ತಡವಾಗಿ ಏರಿಸಿದೆ, ಎಲ್ಲಿ ಮೈಕ್ ಸಿಳ್ಳು ಹಾಕಿತು, ಎಲ್ಲಿ ಪಿಟೀಲು ಹೆಚ್ಚಾಯಿತು. ತನ್ನ ಕೈಯ ತಪ್ಪುಗಳನ್ನು ತಾನೇ ಹಿಡಿಯುವುದಕ್ಕೆ ಅವಳು ಮಾಡಿಕೊಂಡ ಏರ್ಪಾಡು ಅದು. ಆ ಕ್ಯಾಸೆಟ್ಟಿನಲ್ಲಿ ಚಪ್ಪಾಳೆ ಇಲ್ಲ, ಚಪ್ಪಾಳೆಗೆ ಮೈಕಿಲ್ಲ. ಡೋಲು ದೂರದ ಕಲ್ಲು ಕುಟ್ಟಿದಂತೆ ಇದೆ. ತುತ್ತೂರಿ ಗಾಯಕಿಯ ಮೈಕಿನೊಳಗೆ ಕಳ್ಳದಾರಿಯಲ್ಲಿ ನುಸುಳಿದಷ್ಟು ಮಾತ್ರ ಇದೆ. ಅಡುಗೆಗೆ ಮೇಲಿಂದ ಹಾಕಿದ ಉಪ್ಪನ್ನಷ್ಟೇ ಪೊಟ್ಟಣ ಕಟ್ಟಿಟ್ಟಂತೆ. ಅದನ್ನು ನೆಕ್ಕಿ ಊಟ ಹೇಗಿತ್ತೆಂದು ಯಾರೂ ಹೇಳಲಾರರು. ನಿಜವಾದ ಕಛೇರಿಯನ್ನು ಹಿಡಿಯಬೇಕಾದರೆ ಸಭಾಂಗಣದ ನಡುವೆ ಚಾವಣಿಯಿಂದ ಬೇರೆ ಮೈಕುಗಳನ್ನು ತೂಗುಬಿಡಬೇಕು. ಅವಳು ಅದನ್ನೂ ಕೇಳಿದ್ದಳು. ಚಾವಣಿಗೆ ಮೊಳೆ ಹೊಡೆಯುವಂತಿಲ್ಲ ಎಂಬ ಉತ್ತರ ಬಂತು.

ವರ್ಷಗಳು ಕಳೆದವು. ಅಣ್ಣನ ಮುಂದಿನ ಹಲ್ಲುಗಳು ಅಲುಗಾಡತೊಡಗಿದಾಗ ಅವನು ನಿವೃತ್ತಿ ಪಡೆದ. ಹಲ್ಲು ಕಿತ್ತಾದ ಮೇಲೆ ಹೊಸ ಸೆಟ್ ಕಟ್ಟಿಸಿಕೊಂಡ. ತುತ್ತೂರಿಯನ್ನು ದಿನಾ ಒರೆಸುತ್ತಿದ್ದ, ಊದುತ್ತಿರಲಿಲ್ಲ. "ಮೊದಲಿನ ಹಾಗೇ ಊದಬಲ್ಲೆ. ಅಕ್ಕಪಕ್ಕದವರಿಗೆ ತೊಂದರೆ ಯಾಕೆ ಅಂತ ಸುಮ್ಮನಿದ್ದೀನಿ," ಎನ್ನುತ್ತಿದ್ದ. ಮಗಳ ಮದುವೆಯಾಯಿತು. ಬೀಗರ ಮುಂದೆ ಅವನು ತನ್ನ ಕಛೇರಿಗಳ ಕಥೆಯನ್ನು ಹೇಳದ ದಿನವಿರಲಿಲ್ಲ.

ಅದೇ ಕಾಲಕ್ಕೆ ಸಭಾಂಗಣದ ದುರಸ್ತಿ ಮುಗಿಯಿತು. ಹೊಸ ಕುರ್ಚಿ, ಹೊಸ ಬಣ್ಣ, ಹೊಸ ಮ್ಯಾನೇಜರು. ಉಗ್ರಾಣ ಗುಡಿಸುವಾಗ ಸಿಕ್ಕ ಕ್ಯಾಸೆಟ್ ಪೆಟ್ಟಿಗೆಗಳನ್ನು ನೋಡಿ ಹೊಸ ಮ್ಯಾನೇಜರಿಗೆ ನಿಧಿ ಸಿಕ್ಕಿದಂತಾಯಿತು. ಮುಂಬಾಗಿಲಿನ ಪಡಸಾಲೆಯಲ್ಲಿ ಒಂದು ಮೇಜು, ಒಂದು ಕ್ಯಾಸೆಟ್ ಯಂತ್ರ, ಒಂದು ಸ್ಪೀಕರು ಇಟ್ಟು, ಬಂದವರು ತಮಗೆ ಬೇಕಾದ ಹಳೆಯ ಕಛೇರಿಯನ್ನು ಹಾಕಿಸಿಕೊಂಡು ಕೇಳಬಹುದೆಂದು ಏರ್ಪಡಿಸಿದರು. ಮೇಜಿನ ಮೇಲೆ ಬೋರ್ಡು: "ಅಂದಿನ ಕಛೇರಿ, ಅಂದು ಇದ್ದ ಹಾಗೆಯೇ."

"ಸರ್, ಆ ಮಾತು ತೆಗೆಸಿ. ಇದು ಅಂದು ಇದ್ದ ಹಾಗೆ ಇಲ್ಲ," ಎಂದಳು ಗುಂಡಿಯಮ್ಮ.

"ಮಿಕ್ಸರಿನಿಂದ ನೇರವಾಗಿ ಬಂದದ್ದು ತಾನೇ? ಇದಕ್ಕಿಂತ ಶುದ್ಧ ಇನ್ನೇನಿದೆ ಅಮ್ಮ?"

"ನೇರವಾಗಿ ಬಂದದ್ದಕ್ಕೇ ಸರ್ ತೊಂದರೆ."

ಮ್ಯಾನೇಜರು ನಕ್ಕು, ಬಣ್ಣದವನನ್ನು ಕರೆಯಲು ಹೋದರು. ಸುಳ್ಳನ್ನು ದಪ್ಪಕ್ಷರದಲ್ಲಿ ಬರೆಸಿ, ಅದನ್ನು ಅಳಿಸಿರೆಂದರೆ ನಗುವ ಅಧಿಕಾರವನ್ನು ಇಂಥವರಿಗೆ ಯಾರು ಕೊಟ್ಟಿರುತ್ತಾರೋ ತಿಳಿಯದು. ಬೋರ್ಡು ಅಲ್ಲೇ ಉಳಿಯಿತು.

ಒಂದು ಸಂಜೆ ಅವಳು ಪಡಸಾಲೆಯ ಸ್ಪೀಕರಿನ ತಂತಿ ಬಿಗಿಮಾಡುತ್ತಿದ್ದಾಗ ಅಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ. ಹಿಂದೆ ಅತ್ತಿಗೆ. ಅವರ ಹಿಂದೆ ಬೀಗರು, ಬೀಗಿತ್ತಿ. ಗುಂಡಿಯಮ್ಮನ ಕೈಯಲ್ಲಿದ್ದ ತಿರುಪು ನೆಲಕ್ಕೆ ಬಿತ್ತು.

"ಬನ್ನಿ ಬೀಗರೇ, ಕೂತುಕೊಳ್ಳಿ. ನಮ್ಮ ತಂಗೀದೇ ರಾಜ್ಯ ಇದು," ಎಂದು ಅಣ್ಣ ಕುರ್ಚಿ ಎಳೆದ. "ಹಾಕೇ, ಆ ದೊಡ್ಡ ಕಛೇರೀದು ಹಾಕು. ಜನ ನಿಂತುಕೊಂಡು ಕೇಳಿದ್ದರಲ್ಲ, ಅದು."

"ಅಣ್ಣ, ಅದು ಸ್ವಲ್ಪ ಸರಿ ಇಲ್ಲ. ಇನ್ನೊಂದು ದಿನ..."

"ಸರಿ ಇಲ್ಲದೇ ಏನು? ಅಂದು ಇದ್ದ ಹಾಗೆಯೇ ಅಂತ ಬೋರ್ಡಿದೆ. ಹಾಕು."

ಹಾಕಿದಳು. ಗಾಯಕಿಯ ಕೊರಳು ಕಿವಿಯ ಪಕ್ಕದಲ್ಲೇ ಇದ್ದಂತೆ ಕೇಳಿಸಿತು. ಪಿಟೀಲು ಕೇಳಿಸಿತು. ಅಣ್ಣ ಒಂದು ಬೆರಳೆತ್ತಿ, "ಈಗ ನೋಡಿ, ಈಗ ಬರ್ತೀನಿ," ಎಂದ. ಬರಬೇಕಾದ ಜಾಗ ಬಂತು, ಹೋಯಿತು. ಎತ್ತಿದ ಬೆರಳು ಹಾಗೇ ನಿಂತಿತ್ತು.

"ಪಕ್ಕದ ಮನೆಯಲ್ಲಿ ಯಾರೋ ಏನೋ ಊದಿದ ಹಾಗಾಯ್ತು," ಎಂದರು ಬೀಗಿತ್ತಿ, ಸಹಾಯ ಮಾಡುವ ಮನಸ್ಸಿನಿಂದಲೇ.

"ಇದು ಬೇರೆ ದಿನದ್ದಿರಬೇಕು. ಇನ್ನೊಂದು ಹಾಕು."

ಇನ್ನೊಂದರಲ್ಲೂ ಅಷ್ಟೇ. ಮೂರನೆಯದರಲ್ಲಿ ಬಟ್ಟಲು ಸಿಕ್ಕಿಸಿ ಊದುವ ಜಾಗ ಬಂದು ಹೋಯಿತು.

"ಹಾಂ! ಜೇನುಹುಳ ಗುಂಯ್ ಅಂದ ಹಾಗಾಯ್ತಲ್ಲ, ಅದು ನೀವೇನಾ?" ಎಂದರು ಬೀಗರು. ಅವರು ಒಳ್ಳೆಯವರು, ಆದರೆ ತಮಾಷೆ ಎದುರಿಗೆ ಬಂದರೆ ಬಿಡುವವರಲ್ಲ. "ಇಲ್ಲಾ, ಆ ವರ್ಷವೆಲ್ಲ ರಜೆ ಹಾಕಿದ್ರಾ ಬೀಗರೇ?"

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆ ನಗೆಯಲ್ಲಿ ಸದ್ದಿರಲಿಲ್ಲ.

ಬೀಗರನ್ನು ಬಸ್ಸು ಹತ್ತಿಸಿ ಅವನು ಹಿಂತಿರುಗಿ ಬಂದ. ಅವಳು ಗುಂಡಿಯೊಳಗಿದ್ದಳು. ಅವನು ಅಂಚಿನಲ್ಲಿ ನಿಂತ.

"ಒಂದೇ ಮಾತು ಕೇಳ್ತೀನಿ. ನನ್ನ ಮುಂದೆ ಇಟ್ಟಿದ್ದ ಮೈಕಿಗೆ ಜೀವ ಇತ್ತೋ ಇಲ್ಲವೋ?"

ಬೇರೆ ಯಾರೇ ಆಗಿದ್ದರೂ ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದರು. ಅವಳಿಗೆ ಆ ಅಭ್ಯಾಸವಿರಲಿಲ್ಲ. "ಇರಲಿಲ್ಲ," ಎಂದಳು.

"ಅಂದರೆ ಇಷ್ಟು ವರ್ಷ ನಾನು ಹೆಣದ ಮುಂದೆ ಊದಿದ್ದು."

"ಹಾಗಲ್ಲ ಅಣ್ಣ. ನೀನು ಜೋರಾಗಿ ಊದ್ತಿದ್ದೆ. ಬಟ್ಟಲು ಸಿಕ್ಕಿಸಿ ಮೆಲ್ಲಗೆ ಊದುವಾಗ ಬಿಟ್ಟರೆ ನಿನಗೆ ಮೈಕೇ ಬೇಕಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಬರೋದು ಮೈಕಿನ ಸದ್ದು ಮಾತ್ರ..."

"ನನ್ನ ಕಿವಿಗೆ ಹೂ ಇಡಬೇಡ. ಜೋರಾಗಿ ಊದಿದವನು ಕೇಳಿಸೋದಿಲ್ಲವಂತೆ, ಮೆಲ್ಲಗೆ ಊದಿದರೆ ಕೇಳಿಸುತ್ತಂತೆ! ಯಾವ ಊರಿನ ನ್ಯಾಯ ಇದು?" ಅವನು ಮಿಕ್ಸರಿನ ಕಡೆ ಬೆರಳು ತೋರಿಸಿದ. "ನಿನ್ನ ಕೆಲಸಕ್ಕೆ ನಾನು ಅಡ್ಡಬಂದೆ ಅಂತ ಸೇಡು ತೀರಿಸಿಕೊಂಡೆ. ಬಾಯಲ್ಲಿ ಅಣ್ಣ, ಕೈಯಲ್ಲಿ ಕತ್ತರಿ."

ಅವಳು ಗುಂಡಿಯಿಂದ ಮೇಲೆ ಹತ್ತುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಆಮೇಲೆ ಅವನು ಅವಳ ಮನೆಗೆ ಬರಲಿಲ್ಲ. ಅವಳು ಹೋದರೆ ಒಳಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ತುತ್ತೂರಿ ಅಟ್ಟ ಸೇರಿತು. ಬೀಗರು ಫೋನ್ ಮಾಡಿದರೆ ಅವನು ಮಾತಾಡುತ್ತಿರಲಿಲ್ಲ. ಅವರ ತಮಾಷೆ ಅವರಿಗೇ ಮರೆತುಹೋಗಿತ್ತು, ಇವನಿಗೆ ಮರೆಯಲಿಲ್ಲ. ಒಂದು ದಿನ ಅತ್ತಿಗೆಯೇ ಬಂದು ಅವಳ ಅಡುಗೆಮನೆಯಲ್ಲಿ ಮಣೆ ಎಳೆದು ಕುಳಿತರು.

"ನೋಡಮ್ಮ, ನಿಮ್ಮಣ್ಣ ಅನ್ನದ ಮುಂದೆ ಕೂತು ಎದ್ದುಹೋಗ್ತಾರೆ. ನಾನು ಊದಿದ್ದಕ್ಕೆ ಸಾಕ್ಷಿ ಎಲ್ಲಿದೆ, ಅಂತಾರೆ. ನಾನೇ ಸಾಕ್ಷಿ ಅಂದರೆ, ಹೆಂಡತಿ ಸಾಕ್ಷಿ ಯಾರು ಒಪ್ತಾರೆ, ಅಂತಾರೆ."

"ನಾನು ಸೇಡಿಗೆ ಮಾಡಿದ್ದಲ್ಲ ಅತ್ತಿಗೆ."

"ಅದು ನನಗೆ ಗೊತ್ತು. ನಮ್ಮ ಮನೆಯ ಪಾತ್ರೆಗಳಿಗೂ ಗೊತ್ತು, ಅವರು ಊದಿದರೆ ಅಲುಗಾಡ್ತಿದ್ದವಲ್ಲ. ಅವರಿಗೆ ಗೊತ್ತಾಗಬೇಕು. ಬಾಯಲ್ಲಿ ಹೇಳಿದರೆ ಆಗೋದಿಲ್ಲ."

ಗುಂಡಿಯಮ್ಮ ಒಂದು ಉಪಾಯ ಹೇಳಿದಳು. ಮಧ್ಯಾಹ್ನ ಸಭಾಂಗಣ ಖಾಲಿ ಇರುತ್ತದೆ. ಅಣ್ಣ ಅದೇ ಜಾಗದಲ್ಲಿ, ಅದೇ ಮೈಕಿನ ಮುಂದೆ ನಿಂತು ಊದಲಿ. ಅವನ ಗುಂಡಿ ಹಿಂದಿನಂತೆಯೇ ತಳದಲ್ಲಿರುತ್ತದೆ. ಮಿಕ್ಸರಿನಿಂದ ಒಂದು ಕ್ಯಾಸೆಟ್ ತೆಗೆಯುವುದು. ಜೊತೆಗೆ ಕೊನೆಯ ಸಾಲಿನ ಕುರ್ಚಿಯ ಮೇಲೆ ಒಂದು ಸಣ್ಣ ರೆಕಾರ್ಡರ್ ಇಡುವುದು. ಅದಕ್ಕೆ ತನ್ನದೇ ಮೈಕಿದೆ, ಜನರ ಕಿವಿ ಕೇಳುವುದನ್ನು ಅದು ಕೇಳುತ್ತದೆ. ಮಿಕ್ಸರಿನ ಕ್ಯಾಸೆಟ್ಟಿನಲ್ಲಿ ಅಣ್ಣ ಇರುವುದಿಲ್ಲ, ರೆಕಾರ್ಡರಿನಲ್ಲಿ ಸಭಾಂಗಣ ಬಿರಿಯುವಂತೆ ಇರುತ್ತಾನೆ. ಎರಡನ್ನೂ ಅವನೇ ಕೇಳಲಿ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯೇ ಇದೆಯಲ್ಲ.

ಅಣ್ಣನನ್ನು ಒಪ್ಪಿಸಲು ಅತ್ತಿಗೆಗೆ ಒಂದು ವಾರ ಹಿಡಿಯಿತು. ಬಂದವನು ತಂಗಿಯ ಮುಖ ನೋಡಲಿಲ್ಲ. ನೇರವಾಗಿ ವೇದಿಕೆ ಹತ್ತಿ, ತುತ್ತೂರಿಯನ್ನು ಚೀಲದಿಂದ ತೆಗೆದು, ಅಭ್ಯಾಸಬಲದಿಂದ ಮೈಕಿನ ತಲೆಯನ್ನು ಕರವಸ್ತ್ರದಿಂದ ಒರೆಸಿ, ಒರೆಸಿದ್ದಕ್ಕೆ ತಾನೇ ನಾಚಿಕೊಂಡವನಂತೆ ಕರವಸ್ತ್ರವನ್ನು ಜೇಬಿಗೆ ತುರುಕಿದ. ಅತ್ತಿಗೆ ಕೊನೆಯ ಸಾಲಿನಲ್ಲಿ, ರೆಕಾರ್ಡರ್ ಇಟ್ಟ ಕುರ್ಚಿಯ ಪಕ್ಕದಲ್ಲಿ ಕುಳಿತರು. ಗುಂಡಿಯಮ್ಮ ಎರಡು ಯಂತ್ರಗಳನ್ನೂ ಚಾಲೂ ಮಾಡಿ ಕೈಯೆತ್ತಿದಳು.

ಅವನು ಊದಿದ.

ತುತ್ತೂರಿ ಬಲ್ಲವರಿಗೆ ಇದು ತಿಳಿದ ವಿಷಯ: ಊದುವ ಬಲ ಎದೆಯಲ್ಲಿದೆ ಎಂದು ಜನ ಭಾವಿಸಿದರೂ ಅದನ್ನು ಹಿಡಿದು ನಿಲ್ಲಿಸುವುದು ತುಟಿಯ ಹಿಂದಿನ ಹಲ್ಲು. ಕಟ್ಟಿಸಿದ ಹಲ್ಲಿಗೆ ಆ ಒತ್ತಡ ತಡೆಯದು. ಒತ್ತಿದರೆ ಜಾರುತ್ತದೆ, ಜಾರಬಾರದೆಂದರೆ ಮೆಲ್ಲಗೆ ಊದಬೇಕು. ಸ್ವರ ತಪ್ಪಲಿಲ್ಲ. ತಾಳ ತಪ್ಪಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲವೂ ಹಿಂದಿನದೇ. ಆದರೆ ಆ ಸದ್ದು ಸಭಾಂಗಣದ ನಡುವಿನವರೆಗೆ ಬಂದು, ಅಲ್ಲಿಂದ ಮುಂದೆ ಬರಲಾರದೆ, ವಯಸ್ಸಾದವರು ಮೆಟ್ಟಿಲ ಬಳಿ ನಿಲ್ಲುವಂತೆ ನಿಂತುಬಿಟ್ಟಿತು. ಚಾವಣಿಯಲ್ಲಿ ಪಾರಿವಾಳಗಳು ಕುಳಿತೇ ಇದ್ದವು.

ಗುಂಡಿಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅವನಿನ್ನೂ ಸರಿಯಾಗಿ ಶುರುಮಾಡಿಲ್ಲ ಎಂದುಕೊಂಡಳು. ಆಮೇಲೆ ಅವನ ಕುತ್ತಿಗೆಯ ನರಗಳು ಉಬ್ಬಿರುವುದನ್ನು ನೋಡಿದಳು. ಅವನು ಪೂರ್ತಿ ಬಲ ಹಾಕಿ ಊದುತ್ತಿದ್ದ.

ಗುಂಡಿಯನ್ನು ತಳದಲ್ಲೇ ಬಿಟ್ಟರೆ ಏನಾಗುತ್ತದೆಂಬುದನ್ನು ಅವಳು ಕ್ಷಣದಲ್ಲಿ ಲೆಕ್ಕಹಾಕಿದಳು. ಮಿಕ್ಸರಿನ ಕ್ಯಾಸೆಟ್ಟಿನಲ್ಲಿ ಅವನಿರುವುದಿಲ್ಲ. ರೆಕಾರ್ಡರಿನಲ್ಲಿ ಇಲ್ಲವೆನ್ನುವಷ್ಟು ಮಾತ್ರ ಇರುತ್ತಾನೆ. ತಂಗಿ ಕತ್ತರಿ ಹಾಕಲಿಲ್ಲ ಎಂದು ಸಾಬೀತಾಗುವುದರ ಬದಲು ಅವನು ಊದುವುದೇ ಇಷ್ಟು, ಯಾವಾಗಲೂ ಇಷ್ಟೇ ಇತ್ತು ಎಂದು ಸಾಬೀತಾಗುತ್ತದೆ. ಮೇಲೆ ಸರಿಸಿದರೆ ಅವನು ಕ್ಯಾಸೆಟ್ಟಿನ ತುಂಬ ಇರುತ್ತಾನೆ. ಆಗ ಇಷ್ಟು ವರ್ಷ ಅವನನ್ನು ಇಲ್ಲದಂತೆ ಮಾಡಿದವಳು ತಾನೇ ಎಂಬುದಕ್ಕೆ ತಾನೇ ಸಾಕ್ಷಿ ಒದಗಿಸಿದಂತೆ.

ಲೆಕ್ಕ ಮುಗಿಯುವ ಮೊದಲೇ ಕೈ ಹೋಗಿತ್ತು. ತಲುಪದ ಸದ್ದನ್ನು ತಲುಪಿಸುವುದು ಆ ಕೈಯ ಕೆಲಸ. ಅದು ಬೇರೆ ಏನನ್ನೂ ಕಲಿತಿರಲಿಲ್ಲ. ಗುಂಡಿ ತಳದಿಂದ ಎದ್ದು, ಎಂದೂ ಏರದಷ್ಟು ಮೇಲೆ ಏರಿತು. ಧ್ವನಿವರ್ಧಕಗಳ ಮುಖ ಕುರ್ಚಿಗಳ ಕಡೆಗಿದ್ದುದರಿಂದ ವೇದಿಕೆಯ ಮೇಲಿದ್ದವನಿಗೆ ವ್ಯತ್ಯಾಸ ತಿಳಿಯಲಿಲ್ಲ. ತುತ್ತೂರಿ ಕೊನೆಯ ಸಾಲಿಗೆ ಬಂತು.

ಅತ್ತಿಗೆ ಒಮ್ಮೆ ಗಂಡನನ್ನು, ಒಮ್ಮೆ ನಾದಿನಿಯ ಕೈಯನ್ನು ನೋಡಿದರು. ಪಾತ್ರೆ ಅಲುಗಾಡುತ್ತಿದ್ದುದನ್ನು ಕಂಡ ಹೆಂಗಸು. ಅವರಿಗೆ ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ.

"ಹಲ್ಲಿದ್ದಾಗ ಕಡಲೆ ಇರಲಿಲ್ಲ. ಕಡಲೆ ಸಿಕ್ಕಾಗ ಹಲ್ಲಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡು, ಪಕ್ಕದ ಕುರ್ಚಿಯ ಕಡೆ ಬಾಗಿ ರೆಕಾರ್ಡರನ್ನು ಟಕ್ಕನೆ ನಿಲ್ಲಿಸಿದರು.

ಊದಿ ಮುಗಿಸಿ ಅಣ್ಣ ಕೆಳಗಿಳಿದು ಬಂದ. ಬೆವರು ಒರೆಸಿಕೊಂಡು, "ಹಾಕು, ನೋಡೋಣ," ಎಂದ. ಮೊದಲ ಬಾರಿಗೆ ಅವಳ ಕಡೆ ತಿರುಗಿ ಹೇಳಿದ ಮಾತು. ಅವಳು ಮಿಕ್ಸರಿನ ಕ್ಯಾಸೆಟ್ಟನ್ನು ಗುಂಡಿ ಏರಿದ ಜಾಗದವರೆಗೆ ಮಾತ್ರ ಹಿಂದಕ್ಕೆ ಸುತ್ತಿ ಹಾಕಿದಳು.

ತುತ್ತೂರಿ ತುಂಬಿ ಬಂತು. ಬೇರೆ ಯಾವ ವಾದ್ಯವೂ ಇಲ್ಲದ್ದರಿಂದ, ಮೈಕು ಹತ್ತಿರವಿದ್ದುದರಿಂದ, ಉಸಿರಿನ ಎಳೆ ಕೂಡ ಕೇಳಿಸುತ್ತಿತ್ತು. ಅಣ್ಣ ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟ. ಕೊನೆಯ ಸ್ವರ ಮುಗಿದ ಮೇಲೂ ಕ್ಯಾಸೆಟ್ ಸುತ್ತುತ್ತಲೇ ಇತ್ತು.

"ಆ ಇನ್ನೊಂದು ಪೆಟ್ಟಿಗೆಯಲ್ಲಿ?" ಎಂದ.

"ಅಯ್ಯೋ, ನಾನು ಯಾವುದೋ ಗುಂಡಿ ಒತ್ತಿಬಿಟ್ಟೆ. ನಿಂತುಹೋಯ್ತು," ಎಂದರು ಅತ್ತಿಗೆ.

"ನಿನ್ನ ಪಕ್ಕದಲ್ಲಿ ಇಟ್ಟದ್ದೇ ತಪ್ಪು. ಒಂದು ಒಲೆ ಬಿಟ್ಟರೆ ಬೇರೆ ಯಂತ್ರ ಗೊತ್ತಿಲ್ಲ ನಿನಗೆ." ಹೆಂಡತಿಯನ್ನು ಬೈದ ಸಂತೋಷ ಅವನ ಮುಖದಲ್ಲಿ ಬಹಳ ದಿನಗಳ ನಂತರ ಕಂಡಿತು. "ಹೋಗಲಿ, ಅದು ಬೇಡ. ಇದೇ ಸಾಕು." ತಂಗಿಯ ಕಡೆ ತಿರುಗಿದ. "ಈಗ ಹೇಗೆ ಬಂತು? ಬರುತ್ತೆ ತಾನೇ? ನಿಜ ಹೇಳು. ಅವತ್ತೆಲ್ಲ ಬೇಕು ಅಂತಲೇ ಇಳಿಸಿದ್ದೆ, ಅಲ್ಲವಾ?"

ಅವಳು ಮಿಕ್ಸರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳಿಗೆ ಆ ಪ್ರಶ್ನೆ ಒಂದು ದಾರಿ ಬಿಟ್ಟುಕೊಟ್ಟಿತ್ತು.

"ಹೌದು ಅಣ್ಣ. ಬೇಕು ಅಂತಲೇ ಇಳಿಸಿದ್ದೆ."

ಯಾಕೆ ಎಂದು ಅವನು ಕೇಳಲಿಲ್ಲ. ಅವನಿಗೆ ಅದು ಗೊತ್ತಿದೆ ಎಂದು ಅವನು ನಂಬಿದ್ದ. ಮುಂದೆ ಬಾಗಿ ಅವಳ ತಲೆಯ ಮೇಲೆ ಕೈಯಿಟ್ಟ. "ನಾನೂ ಅವತ್ತು ಮ್ಯಾನೇಜರ ಹತ್ತಿರ ಹಾಗೆ ಹೇಳಬಾರದಿತ್ತು. ಚಿಕ್ಕವಳು ನೀನು, ಮನಸ್ಸಿಗೆ ಹಚ್ಚಿಕೊಂಡೆ. ಹೋಗಲಿ ಬಿಡು. ಕ್ಷಮಿಸಿದ್ದೀನಿ."

ಮಾಡದ ತಪ್ಪಿಗೆ ಕ್ಷಮೆ ಪಡೆಯುವುದು ಸುಲಭದ ಕೆಲಸವಲ್ಲ. ಅವಳು ತಲೆ ಎತ್ತದೆ ಕ್ಯಾಸೆಟ್ಟನ್ನು ಯಂತ್ರದಿಂದ ತೆಗೆದು, ಡಬ್ಬಿಯಲ್ಲಿ ಹಾಕಿ, ಅವನ ಕೈಗೆ ಕೊಟ್ಟಳು. ಅತ್ತಿಗೆ ಕುರ್ಚಿಯಿಂದ ಎದ್ದು, ಸೆರಗು ಸರಿಪಡಿಸಿಕೊಂಡು, "ಇನ್ನಾದರೂ ಮನೆಗೆ ಹೋಗಿ ಊಟ ಮಾಡ್ತೀರೋ, ಅದನ್ನೂ ರೆಕಾರ್ಡ್ ಮಾಡಬೇಕೋ?" ಎಂದರು.

ಅಣ್ಣ ನಕ್ಕ. ತುತ್ತೂರಿಯನ್ನು ಚೀಲಕ್ಕೆ ಸೇರಿಸಿ, ಕ್ಯಾಸೆಟ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಾಗಿಲ ತನಕ ಹೋದವನು ಅಲ್ಲೇ ನಿಂತು ಹಿಂತಿರುಗಿದ.

"ಏನೇ, ಇನ್ನೊಂದು ಮಾತು. ಮುಂದಿನ ಸಲ ಆ ಗುಂಡಿ ಒಂದಿಷ್ಟು ಕಡಿಮೆ ಇಡು. ಮೊದಲೇ ನನ್ನದು ಜೋರು. ಕೇಳುವವರ ಕಿವಿ ಹೋದೀತು."

"ಆಗಲಣ್ಣ," ಎಂದಳು ಗುಂಡಿಯಮ್ಮ.